ಓದುಗರ ಪ್ರಶ್ನೆ: ‘ಲಭ್ಯ’ ಎಂದ ಪುಸ್ತಕ ರ‍್ಯಾಕಿನಲ್ಲಿ ಯಾಕಿಲ್ಲ?

ಪ್ರಶ್ನೆ: ವಿಶ್ವವಿದ್ಯಾಲಯದ ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಪುಸ್ತಕ ‘ಲಭ್ಯ’ ಎಂದು ತೋರಿಸುತ್ತದೆ. ರ‍್ಯಾಕಿಗೆ ಹೋದರೆ ಇರುವುದಿಲ್ಲ. ಕೌಂಟರಿನಲ್ಲಿ ಕೇಳಿದರೆ ‘ಅಲ್ಲೇ ಇರಬೇಕು ನೋಡಿ’ ಅನ್ನುತ್ತಾರೆ. ಏನು ಮಾಡುವುದು?
– ಎಂ.ಎ. ವಿದ್ಯಾರ್ಥಿನಿ

ಉತ್ತರ: ‘ಲಭ್ಯ’ ಅಂದರೆ ಆ ಪ್ರತಿ ಯಾರ ಹೆಸರಿಗೂ ಇಶ್ಯೂ ಆಗಿಲ್ಲ ಎಂದಷ್ಟೇ ಅರ್ಥ. ಪುಸ್ತಕ ಈ ಹೊತ್ತಿನಲ್ಲಿ ಎಲ್ಲಿದೆ ಎನ್ನುವುದು ಕಂಪ್ಯೂಟರಿಗೆ ಗೊತ್ತಿಲ್ಲ.

ಮೊದಲು ಪರದೆಯಲ್ಲಿ ‘ಸ್ಥಳ’ ಅಥವಾ ‘ಸಂಗ್ರಹ’ ಎಂದಿರುವ ಕಡೆ ನೋಡಿ. ರೆಫರೆನ್ಸ್, ಪಠ್ಯಪುಸ್ತಕ ವಿಭಾಗ, ಯಾವುದೋ ಅಧ್ಯಯನ ವಿಭಾಗದ ಸ್ವಂತ ಲೈಬ್ರರಿ – ಹೀಗೆ ಬೇರೆ ಹೆಸರಿದ್ದರೆ ಸಾಮಾನ್ಯ ರ‍್ಯಾಕಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಅಗಲ, ಎತ್ತರ ಹೆಚ್ಚಿರುವ ಅಟ್ಲಾಸ್, ಕಲಾಪುಸ್ತಕಗಳನ್ನೂ ಎಷ್ಟೋ ಕಡೆ ಬೇರೆಯೇ ಇಡುತ್ತಾರೆ.

ಆಮೇಲೆ ಕಾಲ್ ನಂಬರನ್ನು, ಅಂದರೆ ರ‍್ಯಾಕಿನಲ್ಲಿ ಪುಸ್ತಕದ ಜಾಗ ಹೇಳುವ ಸಂಖ್ಯೆಯನ್ನು, ಪೂರ್ತಿ ಬರೆದುಕೊಳ್ಳಿ. ಮೊದಲ ಸಾಲು ಮಾತ್ರ ಗುರುತು ಹಾಕಿಕೊಂಡು ಹೋಗುವವರೇ ಹೆಚ್ಚು. ಮೊದಲ ಸಾಲು ವಿಷಯದ್ದು, ಎರಡನೆಯದು ಸಾಮಾನ್ಯವಾಗಿ ಲೇಖಕರ ಹೆಸರಿನಿಂದ ಬಂದದ್ದು. ಸಂಪುಟ, ವರ್ಷ ಇದ್ದರೆ ಅದರ ಕೆಳಗೆ. ಒಂದೇ ವಿಷಯಸಂಖ್ಯೆಯಡಿ ಎರಡು ಮೂರು ಅಂಕಣ ತುಂಬ ಪುಸ್ತಕಗಳಿರುವಾಗ ಎರಡನೆಯ ಸಾಲಿಲ್ಲದೆ ದಾರಿ ಸಿಗದು.

ವಿಷಯಗಳಿಗೆ ದಶಮಾಂಶ ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯ ಗ್ರಂಥಾಲಯದಲ್ಲಿ ತಪ್ಪುವುದು ಹೆಚ್ಚಾಗಿ ದಶಮಾಂಶದಲ್ಲಿ. ಚುಕ್ಕಿಯ ನಂತರದ ಅಂಕಿಗಳನ್ನು ಒಂದೊಂದಾಗಿ ಹೋಲಿಸಬೇಕು. 305.409, 305.42, 305.8 – ಇದೇ ಸರಿಯಾದ ಕ್ರಮ. 409 ದೊಡ್ಡದು, 8 ಚಿಕ್ಕದು ಎಂದುಕೊಂಡು ತಿರುಗುಮುರುಗು ಹುಡುಕಿದರೆ ಮಹಿಳಾ ಅಧ್ಯಯನದ ಪುಸ್ತಕ ಬೇಕಾದವರು ಜನಾಂಗಗಳ ಸಾಲಿನಲ್ಲಿ ನಿಂತಿರುತ್ತಾರೆ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣ ಪದ್ಧತಿ ಬಳಸುವ ಕಡೆ ಅಕ್ಷರ, ಕೋಲನ್, ಅಲ್ಪವಿರಾಮಗಳೂ ಸಂಖ್ಯೆಯ ಭಾಗವೇ. ಒಂದನ್ನು ಬಿಟ್ಟರೂ ವಿಷಯ ಬದಲಾಗುತ್ತದೆ.

ಇಷ್ಟಾದರೂ ಸಿಗದಿದ್ದರೆ ಮೇಲಿನ ಎರಡು, ಕೆಳಗಿನ ಎರಡು ಅಡ್ಡಪಟ್ಟಿಗಳನ್ನು ನೋಡಿ. ಸಾಲಿನ ಹಿಂದೆ ಕೈ ಹಾಕಿ. ತೆಳ್ಳಗಿನ ಪುಸ್ತಕಗಳು ಜಾರಿ ಹಿಂದಕ್ಕೆ ಬಿದ್ದಿರುತ್ತವೆ. ವಾಪಸ್ ಬಂದ ಪುಸ್ತಕಗಳ ಟ್ರಾಲಿ, ಜೆರಾಕ್ಸ್ ಯಂತ್ರದ ಪಕ್ಕದ ಮೇಜು, ಓದುವ ಮೇಜುಗಳು ಆಮೇಲೆ. ಪರೀಕ್ಷೆ ಹತ್ತಿರವಿದ್ದರೆ ಇನ್ನೊಂದು ಸಾಧ್ಯತೆಯುಂಟು: ತಮಗೇ ಸಿಗಲಿ ಎಂದು ಯಾರೋ ಬೇರೆ ವಿಷಯದ ರ‍್ಯಾಕಿನಲ್ಲಿ, ಯಾರೂ ಮುಟ್ಟದ ದಪ್ಪ ಸಂಪುಟಗಳ ಹಿಂದೆ, ಬಚ್ಚಿಟ್ಟಿರುತ್ತಾರೆ. ಇದು ಎಲ್ಲ ಗ್ರಂಥಪಾಲಕರಿಗೂ ಗೊತ್ತಿರುವ ಚಾಳಿ. ‘ಓದಿದ ಪುಸ್ತಕವನ್ನು ಮೇಜಿನ ಮೇಲೇ ಬಿಡಿ’ ಎಂಬ ಫಲಕಕ್ಕೂ ಕಾರಣವಿದೆ. ತಪ್ಪು ಜಾಗಕ್ಕೆ ಸೇರಿದ ಪುಸ್ತಕ, ಸಿಬ್ಬಂದಿ ಸಾಲುಸಾಲಾಗಿ ಕ್ರಮ ಪರಿಶೀಲಿಸುವವರೆಗೆ ಕಳೆದುಹೋದಂತೆಯೇ.

ಕೊನೆಗೆ ಕೌಂಟರಿಗೆ ಹೋಗುವಾಗ ಅಕ್ಸೆಶನ್ ನಂಬರ್ (ಆ ಪ್ರತಿಯ ನೋಂದಣಿ ಸಂಖ್ಯೆ) ಕೊಡಿ. ಕಾಲ್ ನಂಬರ್ ಒಂದೇ ಪುಸ್ತಕದ ಐದು ಪ್ರತಿಗಳಿಗೂ ಹೆಚ್ಚುಕಡಿಮೆ ಒಂದೇ. ಅಕ್ಸೆಶನ್ ನಂಬರ್ ಪ್ರತಿಯೊಂದಕ್ಕೂ ಬೇರೆ. ‘ಹುಡುಕಿಕೊಡಿ’ ಎಂದು ಬರವಣಿಗೆಯಲ್ಲಿ ಕೋರಿಕೆ ಸಲ್ಲಿಸಿ. ಆಗಲೂ ಸಿಗದಿದ್ದರೆ ದಾಖಲೆಯನ್ನು ‘ಕಾಣೆ’ ಎಂದು ತಿದ್ದಬೇಕು. ಇಲ್ಲವಾದರೆ ನಿಮ್ಮ ನಂತರ ಬಂದವರೂ ಅದೇ ‘ಲಭ್ಯ’ವನ್ನು ನಂಬಿ ಅಲೆಯುತ್ತಾರೆ.

ಪ್ರಶ್ನೆ: ಕ್ಯಾನ್ಸರ್ ಬಗ್ಗೆ ವಿಷಯದ ಮೂಲಕ ಹುಡುಕಿದರೆ ಬರುವುದು ಕೆಲವೇ ಪುಸ್ತಕ. ಅಷ್ಟು ದೊಡ್ಡ ಗ್ರಂಥಾಲಯದಲ್ಲಿ ಇಷ್ಟೇನಾ?
– ನರ್ಸಿಂಗ್ ವಿದ್ಯಾರ್ಥಿ

ಉತ್ತರ: ಇರಲಾರದು. ವಿಷಯಶೀರ್ಷಿಕೆಗಳು ನಿಗದಿತ ಪಟ್ಟಿಯಿಂದ ಬರುತ್ತವೆ, ನಮ್ಮ ಬಾಯಿಮಾತಿನಿಂದಲ್ಲ. ವೈದ್ಯಕೀಯದಲ್ಲಿ ಬಳಕೆಯಲ್ಲಿರುವ ‘ಮೆಶ್’ ಪಟ್ಟಿಯಲ್ಲಿ ಕ್ಯಾನ್ಸರಿಗೆ ‘ನಿಯೋಪ್ಲಾಸಮ್ಸ್’ ಎಂಬುದೇ ಅಧಿಕೃತ ಪದ. ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. ಸಾಮಾನ್ಯ ಪದದಿಂದ ಹುಡುಕಿ, ನಿಮಗೆ ಒಪ್ಪುವ ಒಂದು ಪುಸ್ತಕ ಆರಿಸಿ, ಅದರ ಪೂರ್ಣ ದಾಖಲೆ ತೆರೆದು ಅಲ್ಲಿರುವ ವಿಷಯಶೀರ್ಷಿಕೆಯ ಮೇಲೆ ಕ್ಲಿಕ್ ಮಾಡಿ. ಉಳಿದವು ತಾವಾಗಿ ಬರುತ್ತವೆ.

ಪ್ರಶ್ನೆ: ಕ್ಯಾಂಪಸ್ಸಿನಲ್ಲಿ ತೆರೆಯುವ ಲೇಖನ ಮನೆಯಲ್ಲಿ ಹಣ ಕೇಳುತ್ತದೆ. ನಮ್ಮ ವಿಶ್ವವಿದ್ಯಾಲಯ ಆ ಪತ್ರಿಕೆಗೆ ಚಂದಾ ಕಟ್ಟಿದೆಯಲ್ಲ?
– ಸಂಶೋಧನಾರ್ಥಿ

ಉತ್ತರ: ಪ್ರಕಾಶಕರ ಸರ್ವರ್ ನಿಮ್ಮನ್ನು ಗುರುತಿಸುವುದು ಕ್ಯಾಂಪಸ್ಸಿನ ಐಪಿ ವಿಳಾಸದಿಂದ. ಮನೆಯ ಇಂಟರ್‌ನೆಟ್‌ಗೆ ಆ ವಿಳಾಸವಿಲ್ಲ. ಸರ್ಚ್ ಎಂಜಿನ್ನಿನಿಂದ ನೇರ ಹೋಗುವ ಬದಲು ಗ್ರಂಥಾಲಯದ ಜಾಲತಾಣದಲ್ಲಿರುವ ‘ರಿಮೋಟ್ ಆಕ್ಸೆಸ್’ ಮೂಲಕ ಲಾಗಿನ್ ಆಗಿ, ಅಲ್ಲಿಂದಲೇ ಪತ್ರಿಕೆಗೆ ಹೋಗಿ. ಆಗಲೂ ತೆರೆಯದಿದ್ದರೆ ಚಂದಾ ಯಾವ ವರ್ಷಗಳಿಗಿದೆ ನೋಡಿ. ಹಳೆಯ ಸಂಚಿಕೆಗಳು ಬೈಂಡ್ ಮಾಡಿದ ಸಂಪುಟಗಳಲ್ಲಿ ಮಾತ್ರ ಇರಬಹುದು. ಕೆಲವು ಡೇಟಾಬೇಸ್‌ಗಳು ಇತ್ತೀಚಿನ ಸಂಚಿಕೆಗಳನ್ನು ತಡಮಾಡಿ ಕೊಡುತ್ತವೆ. ಎಲ್ಲೂ ಇಲ್ಲವಾದರೆ ಅಂತರ ಗ್ರಂಥಾಲಯ ಎರವಲು ಸೇವೆ ಕೇಳಿ: ಲೇಖಕ, ಶೀರ್ಷಿಕೆ, ಪತ್ರಿಕೆ, ವರ್ಷ, ಸಂಪುಟ, ಸಂಚಿಕೆ, ಪುಟಗಳು, ಜೊತೆಗೆ ‘10.’ ಎಂದು ಶುರುವಾಗುವ ಡಿಒಐ (ಲೇಖನದ ಡಿಜಿಟಲ್ ಗುರುತುಸಂಖ್ಯೆ) ಬರೆದುಕೊಟ್ಟರೆ ತಡವಾಗುವುದಿಲ್ಲ.

ಒಂದು ಎಚ್ಚರಿಕೆ: ಸಾಫ್ಟ್‌ವೇರ್ ಹಾಕಿ ಸಂಚಿಕೆಗಟ್ಟಲೆ ಡೌನ್‌ಲೋಡ್ ಮಾಡಬೇಡಿ. ಪ್ರಕಾಶಕರು ಸಂಪರ್ಕವನ್ನು ತಡೆದರೆ ಇಡೀ ವಿಶ್ವವಿದ್ಯಾಲಯಕ್ಕೇ ಆ ಪತ್ರಿಕೆ ನಿಂತುಹೋಗುತ್ತದೆ.

ಪ್ರಶ್ನೆ: ತಂದೆಯವರ ಪುಸ್ತಕಸಂಗ್ರಹವನ್ನು ವಿಶ್ವವಿದ್ಯಾಲಯಕ್ಕೆ ದಾನ ಕೊಡಬೇಕೆಂದಿದ್ದೇವೆ. ಪುಕ್ಕಟೆ ಕೊಟ್ಟರೂ ಪಟ್ಟಿ ಕೇಳುತ್ತಾರೆ!
– ನಿವೃತ್ತ ಶಿಕ್ಷಕರು

ಉತ್ತರ: ಪುಸ್ತಕ ಪುಕ್ಕಟೆಯಾದರೂ ಅದನ್ನು ವರ್ಗೀಕರಿಸಿ, ಕ್ಯಾಟಲಾಗಿಗೆ ಸೇರಿಸಿ, ಲೇಬಲ್ ಅಂಟಿಸಿ, ರ‍್ಯಾಕಿನಲ್ಲಿ ಜಾಗ ಕೊಡುವ ಕೆಲಸ ಪುಕ್ಕಟೆಯಲ್ಲ. ಈಗಾಗಲೇ ಇರುವ ಪ್ರತಿ, ಹಳೆಯ ಆವೃತ್ತಿಯ ಪಠ್ಯಪುಸ್ತಕ, ಬೂಷ್ಟು ಹಿಡಿದದ್ದು, ಹುಳು ತಿಂದದ್ದು ಬೇಡ ಅನ್ನುತ್ತಾರೆ. ಒಂದು ಪೆಟ್ಟಿಗೆಯ ಹುಳು ಇಡೀ ಅಂತಸ್ತಿಗೆ ಹಬ್ಬಬಹುದು. ಲೇಖಕ, ಶೀರ್ಷಿಕೆ, ಪ್ರಕಾಶಕ, ವರ್ಷ, ಆವೃತ್ತಿ, ಸ್ಥಿತಿ – ಇಷ್ಟಿರುವ ಪಟ್ಟಿ ಸಾಕು. ‘ಎಲ್ಲವನ್ನೂ ತಂದೆಯವರ ಹೆಸರಿನಲ್ಲಿ ಒಂದೇ ಕಡೆ ಇಡಬೇಕು’ ಎಂಬ ಷರತ್ತನ್ನು ಬಹಳಷ್ಟು ಗ್ರಂಥಾಲಯಗಳು ಒಪ್ಪುವುದಿಲ್ಲ. ಪುಸ್ತಕದೊಳಗೆ ದಾನಿಯ ಹೆಸರಿನ ಚೀಟಿ ಅಂಟಿಸಲು ಕೇಳಿಕೊಳ್ಳಬಹುದು.

ಹರಿದ ಪುಟಗಳಿಗೆ ಸೆಲೊಟೇಪ್ ಹಚ್ಚಬೇಡಿ. ಅಂಟು ಕಾಗದಕ್ಕಿಳಿದು ಕಂದು ಕಲೆಯಾಗುತ್ತದೆ. ಅಪ್ಪನವರ ಪತ್ರಗಳು, ಹಸ್ತಪ್ರತಿಗಳು, ಕರಪತ್ರಗಳು ಇದ್ದರೆ ಪುಸ್ತಕಗಳ ಜೊತೆ ಸೇರಿಸದೆ ಅದನ್ನು ಮೊದಲೇ ತಿಳಿಸಿ. ಗ್ರಂಥಾಲಯದ ಕಣ್ಣಿಗೆ ಅಚ್ಚಾದ ಪುಸ್ತಕಗಳಿಗಿಂತ ಅವೇ ಹೆಚ್ಚು ಬೆಲೆಯವಾಗಿರಬಹುದು. ಅವರು ಇಟ್ಟಿದ್ದ ಫೈಲು, ಕಟ್ಟುಗಳ ಕ್ರಮವನ್ನು ಕದಲಿಸದೆ ಹಾಗೆಯೇ ಒಪ್ಪಿಸಿ.