ಹಿತ್ತಲ ತರಕಾರಿ, ಕೌದಿ ಹೊಲಿಗೆ ಎರಡನ್ನೂ ಒಟ್ಟಿಗೆ ನಿಭಾಯಿಸೋದು ಹೇಗೆ?

ಬೆಂಗಳೂರು ಬಿಟ್ಟು ಶಿರಸಿ ಹತ್ತಿರದ ಹಳೇ ಮನೆಗೆ ಬಂದಿದ್ದೀರಿ, ಮಳೆಗಾಲದ ತರಕಾರಿ ಕೈಮೀರಿ ಬಿಡುತ್ತಿದೆ, ಕೌದಿಗೆಂದು ತಂದ ಹಳೇ ಸೀರೆಗಳ ಗಂಟು ಮಾತ್ರ ಇನ್ನೂ ಬಿಚ್ಚಿಲ್ಲ ಅಂತ ಬರೆದಿದ್ದೀರಿ. ನಾನೂ ಶಿರಸಿ ಕಡೆಯವಳೇ. ಎರಡೂ ಮಾಡುತ್ತೇನೆ, ಎರಡರಲ್ಲೂ ಪೆಟ್ಟು ತಿಂದಿದ್ದೇನೆ. ಬೆಂಡೆ ನಿಮಗಾಗಿ ಕಾಯುವುದಿಲ್ಲ, ಕೌದಿ ಎಷ್ಟು ದಿನ ಬೇಕಾದರೂ ಕಾಯುತ್ತದೆ. ಹಾಗಾಗಿ ಬೆಳಗ್ಗೆ ಹಿತ್ತಲು, ಮಧ್ಯಾಹ್ನ ಊಟದ ಮೇಲೆ ಸೂಜಿ.

ಬೆಂಡೆಯನ್ನು ದಿನ ಬಿಟ್ಟು ದಿನ ಕೊಯ್ಯಲೇಬೇಕು. ಬಲಿತ ಕಾಯಿ ಗಿಡದಲ್ಲೇ ಉಳಿದರೆ ಹೊಸ ಹೂ ಕಡಿಮೆಯಾಗುತ್ತದೆ. ಹಾಲುಬೆಂಡೆ ಸ್ವಲ್ಪ ಮರ್ಯಾದಸ್ಥ, ಗೇಣುದ್ದ ಬೆಳೆದರೂ ಎಳತಾಗೇ ಇರುತ್ತದೆ. ಎಲೆಯಡಿ ಅಡಗಿದ್ದ ಸೌತೆ ಹಣ್ಣಾಗಿ ಸಿಕ್ಕಿದರೆ ಬೇಸರ ಬೇಡ. ತುರಿದು, ಅಕ್ಕಿ ತರಿ, ಬೆಲ್ಲ, ಕಾಯಿತುರಿ ಸೇರಿಸಿ ಬಾಳೆಲೆಯಲ್ಲಿ ಕಡುಬು ಬೇಯಿಸಿ. ಎಳೆ ಸೌತೆಗಿಂತ ನನಗೆ ಅದೇ ಇಷ್ಟ. ಮೊಗೆಕಾಯಿ (ಮಂಗಳೂರು ಸೌತೆ) ಇದ್ದರೆ ಬಾಳೆ ಪಟ್ಟೆಯಲ್ಲಿ ಕಟ್ಟಿ ತೊಲೆಗೆ ತೂಗುಬಿಡಿ. ಒಂದಕ್ಕೊಂದು ತಾಗದಿದ್ದರೆ ತಿಂಗಳುಗಟ್ಟಲೆ ಇರುತ್ತದೆ. ಚೌತಿ ಬಂತೆಂದರೆ ಅರ್ಧ ಚಿಂತೆ ಕಳೆಯಿತು, ಗಣಪತಿಯ ಮೇಲೆ ಹಣ್ಣು-ತರಕಾರಿ ತೂಗುಬಿಡುವ ಫಲಾವಳಿ ಕಟ್ಟಲು ಕೇರಿಯವರೇ ಹುಡುಕಿಕೊಂಡು ಬರುತ್ತಾರೆ. ಮಂಗಗಳ ವಿಷಯ ಮಾತ್ರ ಕೇಳಬೇಡಿ.

ಇನ್ನು ಕೌದಿ. ಹತ್ತಿ ಬಟ್ಟೆ ಮಾತ್ರ ಆರಿಸಿ. ಮೊದಲ ಸಲ ನಾನು ಚಂದ ಕಂಡಿತೆಂದು ಪಾಲಿಸ್ಟರ್ ಸೀರೆಯ ತುಂಡು ಸೇರಿಸಿದೆ, ಅದು ಜಾರಿ ಜಾರಿ ಇಡೀ ಮಗ್ಗುಲು ಸುಕ್ಕಾಯಿತು. ಇನ್ನೊಂದರಲ್ಲಿ ಕೆಂಪು ಬಟ್ಟೆ ಬಣ್ಣ ಬಿಟ್ಟು ಪಕ್ಕದ ಬಿಳಿ ಪಂಚೆಯ ತುಂಡೆಲ್ಲ ಗುಲಾಬಿ. ಹೊಲಿಯುವ ಮೊದಲೇ ಎಲ್ಲವನ್ನೂ ತೊಳೆಯಿರಿ. ಈ ಮಳೆಯಲ್ಲಿ ಹೊರಗೆ ಹಾಕಿದರೆ ಒಣಗುವಷ್ಟರಲ್ಲಿ ಬೂಷ್ಟು ಹಿಡಿಯುತ್ತದೆ, ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿ. ಹೊಗೆ ವಾಸನೆ ಬರುತ್ತದೆ, ಅಡ್ಡಿಯಿಲ್ಲ.

ನನಗೆ ಕಲಿಸಿದವರು ಯಲ್ಲಾಪುರ ಕಡೆಯ ಒಬ್ಬ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಅಕ್ಕ. ನಾನು ವಿಡಿಯೋ ನೋಡಿ ಚೌಕ ಚೌಕ ತುಂಡು ಕತ್ತರಿಸಿ, ಮೊದಲು ಜೋಡಿಸಿ, ಆಮೇಲೆ ನಡುವಿನಿಂದ ಹೊಲಿಗೆ ಹಾಕುತ್ತಿದ್ದೆ. ಅವರು ಮಾತಾಡದೆ ಅಷ್ಟನ್ನೂ ಬಿಚ್ಚಿದರು. ಅವರ ಪದ್ಧತಿಯಲ್ಲಿ ಅಡಿಯಲ್ಲಿ ಒಂದು ಸೀರೆ ಹಾಸಿ, ಅಂಚಿನಿಂದ ಶುರುಮಾಡಿ, ಸಿಕ್ಕ ಅಳತೆಯ ತುಂಡುಗಳನ್ನು ಇಟ್ಟ ಹಾಗೇ ಹೊಲಿಯುತ್ತ ಸುತ್ತಲೂ ಒಳಕ್ಕೆ ಬರಬೇಕು. ಹೊಲಿಗೆ ಸಾಲು ನಡುವಿಗೆ ಬಂದಾಗ ಕೌದಿ ಮುಗಿಯಿತು. ನಾಲ್ಕು ಮೂಲೆಗೆ ಬಟ್ಟೆ ಮಡಿಚಿ ಹೂ ಕೂರಿಸದಿದ್ದರೆ ಕೌದಿ ಬೆತ್ತಲೆ ಇದ್ದ ಹಾಗೆ ಅವರಿಗೆ. ನಿಮ್ಮಂಥವರಿಗೆ ಇದರಲ್ಲಿ ಅನುಕೂಲ ಇದೆ: ಪ್ಲಾನ್ ಬೇಡ, ಚೌಕಟ್ಟು ಬೇಡ, ತೊಡೆ ಮೇಲೆ ಎಳೆದುಕೊಂಡು ಒಂದು ಸಾಲು ಹಾಕಿ ಎದ್ದು ಹೋಗಬಹುದು.

ಬೇಗ ಮುಗಿಸುವ ಹಟ ಬೇಡ. ನನ್ನದೊಂದು ಮೂರು ವರ್ಷದಿಂದ ನಡುವೆ ಊಟದ ಬಟ್ಟಲಷ್ಟು ಜಾಗ ಬಾಕಿ ಇಟ್ಟುಕೊಂಡು ಕೂತಿದೆ. ಈ ವರ್ಷ ಮುಗಿಸೋಣ ಅಂದುಕೊಂಡಿದ್ದೆ, ಅಷ್ಟರಲ್ಲಿ ಹೀರೆ ಚಪ್ಪರ ತುಂಬಾ ಬಿಟ್ಟಿತು.