ಪುಡಿ ಇದ್ದ ಲಕೋಟೆ, ಏಳಕ್ಷರದ ಕೋಡ್

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಮೆಡಿಕಲ್ ಕೋಡಿಂಗ್ ಕಲಿಯುತ್ತಿದ್ದೇನೆ. ಅಮೆರಿಕದ ಆಸ್ಪತ್ರೆಗಳ ಚಾರ್ಟ್ ಓದಿ ಕೋಡ್ ಹಾಕುವ ಕೆಲಸ. ಪಟ್ಟಿಯಲ್ಲಿ ವೈ38.6ಎಕ್ಸ್2ಎ ಅಂತ ಒಂದು ಸಿಕ್ಕಿತು. ‘ಜೈವಿಕ ಅಸ್ತ್ರ ಬಳಸಿದ ಭಯೋತ್ಪಾದನೆ, ನಾಗರಿಕರಿಗೆ ಹಾನಿ’ ಎಂದು ಅರ್ಥವಂತೆ. ಆಂಥ್ರಾಕ್ಸ್ (ಬ್ಯಾಕ್ಟೀರಿಯಾದಿಂದ ಬರುವ ಮಾರಕ ರೋಗ) ಹರಡುವ ಪುಡಿ ಇರುವ ಕಾಗದ ಮುಟ್ಟಿದವರಿಗೆಲ್ಲ ಇದನ್ನೇ ಹಾಕಬೇಕಾ ಸರ್? ಅಂಥವರಿಗೆ ಚಿಕಿತ್ಸೆ ಏನು?

ಉತ್ತರ: ಎಲ್ಲರಿಗೂ ಅಲ್ಲ. ಬಹುಪಾಲು ಜನರ ಚಾರ್ಟಿಗೆ ಈ ಕೋಡ್ ಬರುವುದೇ ಇಲ್ಲ. ಅಮೆರಿಕದಲ್ಲಿ 2001ರಲ್ಲಿ ನಡೆದದ್ದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಆ ವರ್ಷ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಪತ್ರಿಕಾ ಕಚೇರಿಗಳಿಗೆ, ಟಿವಿ ವಾಹಿನಿಗೆ, ಇಬ್ಬರು ಸೆನೆಟರ್‌ಗಳಿಗೆ ಆಂಥ್ರಾಕ್ಸ್ ಪುಡಿಯ ಲಕೋಟೆಗಳು ಹೋದವು. 22 ಜನಕ್ಕೆ ಕಾಯಿಲೆ ಬಂತು. 11 ಜನಕ್ಕೆ ಚರ್ಮದ ಬಗೆ, 11 ಜನಕ್ಕೆ ಉಸಿರಿನ ಮೂಲಕ ಬರುವ ಬಗೆ. ಐವರು ಸತ್ತರು. ಅವರಲ್ಲಿ ಇಬ್ಬರು ವಾಷಿಂಗ್ಟನ್ನಿನ ಬ್ರೆಂಟ್‌ವುಡ್ ಅಂಚೆ ಕೇಂದ್ರದವರು. ಆ ಕಾಗದಗಳನ್ನು ಅವರು ಬಿಚ್ಚಿರಲೇ ಇಲ್ಲ. ವಿಂಗಡಣೆ ಯಂತ್ರ ಲಕೋಟೆಯನ್ನು ಅಮುಕಿದಾಗ ಪುಡಿ ಕಾಗದದ ರಂಧ್ರಗಳಿಂದಲೇ ಹೊರಗೆ ಬಂದಿತ್ತು. ಸೆನೆಟ್ ಕಚೇರಿಯ ಸಿಬ್ಬಂದಿಗೆ ಮಾತ್ರೆ ಬೇಗ ಸಿಕ್ಕಿತು, ಅಂಚೆಯವರಿಗೆ ತಡವಾಯಿತು. ಅವರಿಗೆ ಸಿಟ್ಟು ಬಂದದ್ದು ನ್ಯಾಯವೇ.

ಈಗ ನಿಮ್ಮ ಕೋಡಿಗೆ ಬರೋಣ. ಆಗ ಸುಮಾರು 10,000 ಜನಕ್ಕೆ 60 ದಿನ ಮಾತ್ರೆ ನುಂಗಿ ಎಂದು ಹೇಳಿದ್ದರು. ಸಿಪ್ರೊಫ್ಲಾಕ್ಸಸಿನ್, ಇಲ್ಲವೇ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್. ಇವರು ರೋಗಿಗಳಲ್ಲ, ಜ್ವರವಿಲ್ಲ, ಕೆಮ್ಮಿಲ್ಲ. ಸೋಂಕಿನ ಹತ್ತಿರ ಹೋಗಿ ಬಂದವರು, ಅಷ್ಟೇ. ಇಂಥವರಿಗೆ ಇವತ್ತು ಹಾಕುವ ಕೋಡ್ ಝಡ್20.810. ಪರೀಕ್ಷೆ ಮಾಡಿ, ಆಂಥ್ರಾಕ್ಸ್ ಸಂಪರ್ಕವೇ ಆಗಿರಲಿಲ್ಲ, ಲಕೋಟೆಯಲ್ಲಿದ್ದದ್ದು ಬರೀ ಮೈದಾ ಹಿಟ್ಟು ಎಂದು ಗೊತ್ತಾದರೆ ಝಡ್03.810. ಹೊಸಬರು ಇವೆರಡನ್ನು ಅದಲುಬದಲು ಮಾಡುವುದು ಜಾಸ್ತಿ, ಹುಷಾರು.

60 ದಿನ ಯಾಕೆ ಅಂತ ಕೇಳುತ್ತೀರಿ ಅಲ್ವಾ? ಆಂಥ್ರಾಕ್ಸ್ ಬೀಜಕಣ, ಅಂದರೆ ಆ ಬ್ಯಾಕ್ಟೀರಿಯಾದ ನಿದ್ರಿಸುವ ರೂಪ, ಶ್ವಾಸಕೋಶದಲ್ಲಿ ವಾರಗಟ್ಟಲೆ ಸುಮ್ನೆ ಮಲಗಿರಬಲ್ಲದು. ಮಾತ್ರೆ ಕೊಲ್ಲುವುದು ಎದ್ದು ಬೆಳೆಯುವ ಬ್ಯಾಕ್ಟೀರಿಯಾವನ್ನು, ಮಲಗಿರುವ ಬೀಜಕಣವನ್ನಲ್ಲ. 1979ರಲ್ಲಿ ಸೋವಿಯತ್ ಒಕ್ಕೂಟದ ಸ್ವೆರ್ಡ್‌ಲೊವ್ಸ್ಕ್‌ನಲ್ಲಿ ಸೇನೆಯ ಪ್ರಯೋಗಾಲಯದಿಂದ ಆಂಥ್ರಾಕ್ಸ್ ಸೋರಿತು. ಅಲ್ಲಿ ಸುಮಾರು ಆರು ವಾರ ಕಳೆದ ಮೇಲೂ ಕೆಲವರು ಹೊಸದಾಗಿ ಕಾಯಿಲೆ ಬಿದ್ದರು. ಆರೋಗ್ಯವಾಗಿರುವವರಿಗೆ ಎರಡು ತಿಂಗಳು ಮಾತ್ರೆ ನುಂಗಿಸುವುದು ಮಾತ್ರ ಕಷ್ಟದ ಕೆಲಸ. 2001ರಲ್ಲಿ ಪೂರ್ತಿ ಮುಗಿಸಿದವರು ಅರ್ಧಕ್ಕಿಂತ ಕಡಿಮೆ.

ಕಾಯಿಲೆ ಬಿದ್ದವರ ಚಾರ್ಟಿನಲ್ಲಿ ಮೊದಲು ಕಾಯಿಲೆಯ ಕೋಡ್ ಬರಬೇಕು. ಶ್ವಾಸಕೋಶಕ್ಕೆ ಎ22.1, ಚರ್ಮಕ್ಕೆ ಎ22.0. ವೈ38 ‘ಇದು ಹೇಗೆ ಆಯಿತು’ ಎಂದು ಹೇಳುವ ಕೋಡ್. ಅದು ಎಂದೂ ಮೊದಲ ಸಾಲಿನಲ್ಲಿ ಕೂರುವುದಿಲ್ಲ. ಇನ್ನೊಂದು ಮುಖ್ಯ ಮಾತು: ಇದು ಭಯೋತ್ಪಾದನೆ ಎಂದು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಗುರುತಿಸಿದ್ದರೆ ಮಾತ್ರ ವೈ38. ಬರೀ ಅನುಮಾನ ಇದ್ದರೆ ಹಲ್ಲೆಯ ಕೋಡ್. ಡಾಕ್ಟರಿಗೆ ಅನಿಸಿದ್ದಾಗಲಿ, ಟಿವಿಯಲ್ಲಿ ಬಂದದ್ದಾಗಲಿ ಸಾಲದು.

ಈ ನಿಯಮ ಅತಿಯಾಯಿತು ಅನಿಸಿದರೆ 1984ರಲ್ಲಿ ಅಮೆರಿಕದ ಓರೆಗಾನ್ ರಾಜ್ಯದಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ದ ಡ್ಯಾಲ್ಸ್ ಎಂಬ ಊರಿನಲ್ಲಿ 751 ಜನಕ್ಕೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ವಾಂತಿಭೇದಿ. ಆರೋಗ್ಯ ಇಲಾಖೆಯವರು ಅಡುಗೆಯವರ ಕೈಕೊಳಕು ಅಂದುಕೊಂಡರು. ರಜನೀಶ್ ಆಶ್ರಮದವರು ಹೋಟೆಲ್‌ಗಳ ಸಲಾಡಿಗೆ ಬೇಕೆಂತಲೇ ಬೆರೆಸಿದ್ದು ಎಂಬುದು ಹೊರಬಿದ್ದದ್ದು ಮರುವರ್ಷ. ಕಾಯಿಲೆ ಏನೆಂದು ಲ್ಯಾಬ್ ಆಗಲೇ ಹೇಳಿತ್ತು. ಯಾರು ಮಾಡಿದರು ಅನ್ನುವುದು ಲ್ಯಾಬಿಗೆ ಹೇಗೆ ಗೊತ್ತಾಗಬೇಕು?

ಕೊನೆಯ ಎರಡು ಅಕ್ಷರ: 2 ಅಂದರೆ ನಾಗರಿಕ. ಪೊಲೀಸ್, ಅಗ್ನಿಶಾಮಕದವರಿಗೆ 1. ‘ಎ’ ಅಂದರೆ ಮೊದಲ ಭೇಟಿ ಎಂದು ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ, ಸಕ್ರಿಯ ಚಿಕಿತ್ಸೆ ನಡೆಯುವಷ್ಟು ದಿನವೂ ‘ಎ’. ಆಮೇಲೆ, ಚೇತರಿಕೆಯ ಹಂತದಲ್ಲಿ ‘ಡಿ’. ನಡುವಿನ ಎಕ್ಸ್ ಬರೀ ಜಾಗ ತುಂಬಲು.

ಚಿಕಿತ್ಸೆ ಮಾತ್ರ ಯಾವ ಕೋಡಿಗೂ ಕಾಯುವುದಿಲ್ಲ. ಉಸಿರಿನ ಆಂಥ್ರಾಕ್ಸ್ ಶುರುವಿನಲ್ಲಿ ಥೇಟ್ ಫ್ಲೂ ಥರ. ಆದರೆ ಮೂಗು ಸೋರುವುದು ಅಪರೂಪ. 2001ರ ಆ 11 ಜನರಲ್ಲಿ ಮೊದಲ 10 ಜನರ ಎದೆಯ ಎಕ್ಸ್‌ರೇಯಲ್ಲೂ ದೋಷ ಕಂಡಿತ್ತು. ಒಂದಕ್ಕಿಂತ ಹೆಚ್ಚು ಆ್ಯಂಟಿಬಯೋಟಿಕ್‌ಗಳನ್ನು ರಕ್ತನಾಳಕ್ಕೇ ಕೊಡಬೇಕು, ಶ್ವಾಸಕೋಶದ ಸುತ್ತ ತುಂಬುವ ನೀರು ತೆಗೆಯಬೇಕು. ಹಾಗೆ ಮಾಡಿ ಆರು ಜನರನ್ನು ಉಳಿಸಿಕೊಂಡರು. ಬ್ಯಾಕ್ಟೀರಿಯಾದ ವಿಷವನ್ನೇ ತಡೆಯುವ ರಾಕ್ಸಿಬಾಕುಮಾಬ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2012ರಲ್ಲಿ.

ಪ್ರಶ್ನೆ: ನಮ್ಮ ಕಡೆ ಕುರಿಗೆ ಬರುವ ನೆರಡಿ ರೋಗವೂ ಇದೇನಾ? ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಅಂಟುತ್ತಾ?

ಉತ್ತರ: ಹೌದು, ಅದೇ ಬ್ಯಾಕ್ಟೀರಿಯಾ. ಕೆಮ್ಮು, ಉಸಿರಿನಿಂದ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಸತ್ತ ಕುರಿಯನ್ನು ಕೊಯ್ದವರ ಕೈಯಲ್ಲಿ ನೋವಿಲ್ಲದ, ನಡುವೆ ಕಪ್ಪಾದ ಹುಣ್ಣು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಕುರಿ ಸತ್ತ ವಿಷಯವನ್ನೂ ಡಾಕ್ಟರಿಗೆ ಹೇಳಿ. ಆ ಚೀಟಿಯ ಮೇಲೂ ಕೋಡ್ ಎ22.0 ಎಂದೇ ಬರುತ್ತದೆ. ವೈ38 ಬರುವುದಿಲ್ಲ. ನಮ್ಮಲ್ಲಿ ಬಳಸುವ ಡಬ್ಲ್ಯೂಎಚ್‌ಒ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ. ಕುರಿ ದಿಢೀರನೆ ಸತ್ತು ಮೂಗು, ಬಾಯಲ್ಲಿ ರಕ್ತ ಸೋರಿದ್ದರೆ ಚರ್ಮ ಸುಲಿಯಬೇಡಿ, ಮಾಂಸ ಹಂಚಬೇಡಿ. ಮೊದಲು ಪಶುವೈದ್ಯರಿಗೆ ಫೋನ್ ಮಾಡಿ.