ಇರುವ ಆರು ಗೊಂಬೆಯಲ್ಲೇ ‘ಹಯವದನ’ ಆಡಿಸಬಹುದು

ಮೇಷ್ಟ್ರೇ, ತೀರ್ಥಹಳ್ಳಿಯ ನಿಮ್ಮ ತಂಡದ ಹತ್ತಿರ ಇರೋದು ಆರು ಸೂತ್ರದ ಗೊಂಬೆ: ಎರಡು ಪುಂಡುವೇಷ (ಯಕ್ಷಗಾನದ ಚುರುಕಿನ ಯುವಕರ ಪಾತ್ರ), ಒಂದು ಸ್ತ್ರೀವೇಷ, ಒಂದು ಬಣ್ಣದ ವೇಷ (ಮುಖಕ್ಕೆ ದಟ್ಟ ಬಣ್ಣದ ಉಗ್ರ ಪಾತ್ರ), ಹಾಸ್ಯಗಾರ, ಹನುಮಂತ. ಇವನ್ನಿಟ್ಟುಕೊಂಡು ಹೆಸರಾದ ಹಾಡಿನ ನಾಟಕ ಆಡಬೇಕು, ‘ಸದಾರಮೆ’ಯೋ, ‘ಹಯವದನ’ವೋ, ಇಂಗ್ಲಿಷಿನ ‘ಮೈ ಫೇರ್ ಲೇಡಿ’ಯೋ ಅಂತ ಕೇಳಿದ್ದೀರಿ. ನನ್ನ ಓಟು ‘ಹಯವದನ’ಕ್ಕೆ.

‘ಮೈ ಫೇರ್ ಲೇಡಿ’ ನಮ್ಮ ಗೊಂಬೆಗೆ ಒಗ್ಗಲ್ಲ. ಹೂ ಮಾರುವ ಎಲೈಜಾಳಿಗೆ ಪ್ರೊಫೆಸರ್ ಹಿಗಿನ್ಸ್ ದೊಡ್ಡ ಮನೆಯವರ ಇಂಗ್ಲಿಷ್ ಕಲಿಸೋ ಕಥೆ ಅದು, ಅವಳು ಹೇಗೆ ಬಾಯಿ ತೆರೆದು ಮಾತಾಡ್ತಾಳೆ ಅನ್ನೋದರ ಮೇಲೇ ಇಡೀ ನಾಟಕ ನಿಂತಿದೆ, ನಮ್ಮ ಗೊಂಬೆಗಳ ಬಾಯಿ ಅಲ್ಲಾಡೋದೇ ಇಲ್ಲ. ಅದಕ್ಕೆ ಜಿಮ್ ಹೆನ್ಸನ್ ಮಾಡಿದ ಕಪ್ಪೆ ಕರ್ಮಿಟ್ ಥರ ಒಳಗೆ ಕೈ ಹಾಕಿ ಬಾಯಿ ಆಡಿಸುವ ಗೊಂಬೆ ಬೇಕು. ಕರ್ಮಿಟ್ ಹಿಗಿನ್ಸ್, ಅವನ ಜೊತೆಗಾತಿ ಹಂದಿ ಗೊಂಬೆ ಮಿಸ್ ಪಿಗ್ಗಿ ಎಲೈಜಾ ಅಂತ ಊಹಿಸಿ ನೋಡಿ, ಸೊಗಸಾಗಿರುತ್ತೆ! ‘ಸದಾರಮೆ’ಯಲ್ಲಿ ಗುಬ್ಬಿ ವೀರಣ್ಣನವರು ಹೆಸರು ಮಾಡಿದ ಕಳ್ಳನ ಪಾತ್ರ ನಿಮ್ಮ ಹಾಸ್ಯಗಾರನಿಗೆ ಚೆನ್ನಾಗಿ ಹೊಂದುತ್ತೆ, ಉಳಿದ ಪಾತ್ರಗಳಿಗೆ ಮಾತ್ರ ಗೊಂಬೆ ಸಾಲಲ್ಲ.

ಇನ್ನು ಗಿರೀಶ ಕಾರ್ನಾಡರ ‘ಹಯವದನ’. ಅದರಲ್ಲಿ ಹಾಡುತ್ತಾ ಕಥೆ ನಡೆಸುವ ಭಾಗವತ ಇದ್ದಾನೆ, ಹಿಡಿಯುವ ತೆರೆ ಇದೆ, ಅರ್ಧ ಯಕ್ಷಗಾನವೇ. ಭಾಗವತನಿಗೆ ಗೊಂಬೆ ಬೇಡ, ಚಂಡೆ ಮದ್ದಳೆ ಜೊತೆ ಮನುಷ್ಯನೇ ಕೂತು ಹಾಡಲಿ. ಸ್ತ್ರೀವೇಷ ನಾಯಕಿ ಪದ್ಮಿನಿ. ಬಣ್ಣದ ವೇಷಕ್ಕೆ ಕಾಳಿ: ಆ ಕಾಳಿ ನಿದ್ದೆಗಣ್ಣಲ್ಲಿ ಆಕಳಿಸುತ್ತಾ ಏಳುವವಳು, ಹೆಚ್ಚು ಓಡಾಟ ಇಲ್ಲ, ಆ ಭಾರದ ಕಿರೀಟಕ್ಕೆ ಅನುಕೂಲ. ಮಾತಾಡುವ ಕುದುರೆ ಕಂಡು ಹೆದರಿ ಓಡಿಬರುವ ನಟ ಹಾಸ್ಯಗಾರ. ಹನುಮಂತನಿಗೆ ಕುದುರೆ ತಲೆ ಕೂರಿಸಿದರೆ ಹಯವದನ, ಅಂದರೆ ಕುದುರೆ ತಲೆಯ ಮನುಷ್ಯ. ಬಾಲವನ್ನು ಮೊದಲು ಕಚ್ಚೆಯೊಳಗೆ ಸಿಕ್ಕಿಸಿಡಿ, ಕೊನೆಗೆ ಪೂರ್ತಿ ಕುದುರೆಯಾಗಿ ಬಂದಾಗ ಹೊರಗೆ ಬಿಡಿ.

ನಿಜವಾದ ಮಜಾ ಇರೋದು ಎರಡು ಪುಂಡುವೇಷದಲ್ಲಿ. ಪದ್ಮಿನಿಯ ಗಂಡ ದೇವದತ್ತ ಬುದ್ಧಿಯ ಆಳು, ಅವನ ಗೆಳೆಯ ಕಪಿಲ ಮೈಕಟ್ಟಿನ ಆಳು. ಕಾಳಿಯ ಗುಡಿಯಲ್ಲಿ ಇಬ್ಬರೂ ತಲೆ ಕಡಿದುಕೊಂಡಾಗ, ಪದ್ಮಿನಿ ತಿರುಗಿ ಕೂರಿಸುವಾಗ ಅವರ ತಲೆ ಅದಲುಬದಲಾಗುತ್ತೆ. ನಟರು ಅದಕ್ಕೆ ಮುಖವಾಡ ಹಾಕಬೇಕು, ಗೊಂಬೆಗೆ ತಲೆಯನ್ನೇ ಬದಲಿಸಬಹುದು! ಎರಡಕ್ಕೂ ಕತ್ತಿನ ಅಳತೆ ಒಂದೇ ಇರಲಿ. ತಲೆಯ ತಳಕ್ಕೆ ಕೊಕ್ಕೆ, ಮೈಗೆ ಬಳೆ. ತಲೆಯ ಎರಡು ಸೂತ್ರವನ್ನು ಮೈಯ ಹಿಡಿಪಟ್ಟಿಗೆ (ಸೂತ್ರ ಕಟ್ಟಿ ಕೈಯಲ್ಲಿ ಹಿಡಿಯುವ ಪಟ್ಟಿಗೆ) ಕಟ್ಟಬೇಡಿ, ಬೇರೆ ಸಣ್ಣ ಕಡ್ಡಿಗೆ ಕಟ್ಟಿ ಆ ಕಡ್ಡಿಯನ್ನು ಹಿಡಿಪಟ್ಟಿಗೆ ಸಿಕ್ಕಿಸಿ. ಬದಲಿಸುವಾಗ ತಲೆ ಕಡ್ಡಿಸಮೇತ ಈಚೆಗೆ ಬರುತ್ತೆ, ಸೂತ್ರ ಗೋಜಲಾಗಲ್ಲ. ಕಾಳಿಯ ಮುಂದೆ ತೆರೆ ಹಿಡಿದು ಭಾಗವತರು ಒಂದು ಪದ ಹೇಳಿ ಮುಗಿಸೋದರೊಳಗೆ ಕೆಲಸ ಆಗಬೇಕು. ಇದೊಂದನ್ನೇ ಬೇರೆಯಾಗಿ, ಕತ್ತಲಲ್ಲೂ ಕೈಗೆ ಬರುವಷ್ಟು ರೂಢಿ ಮಾಡಿಸಿ.

ತಲೆ ಬದಲಾದ ಮೇಲೂ ಮೈ ಕುಣಿಸುವವರು ಬದಲಾಗಬಾರದು. ಕಪಿಲನ ಮೈಗೆ ಜಿಗಿತ ಕೊಡುತ್ತಿದ್ದ ಹುಡುಗನೇ ಈಗ ದೇವದತ್ತನ ತಲೆ ಕೂತ ಆ ಮೈಯನ್ನು ಮೊದಲಿನಂತೆ ಜಿಗಿಸಲಿ. ಆಮೇಲೆ ದೃಶ್ಯದಿಂದ ದೃಶ್ಯಕ್ಕೆ ಮೊಣಕಾಲಿನ ಸೂತ್ರ ಎಳೆಯೋದು ಕಡಿಮೆ ಮಾಡ್ತಾ ಬರಲಿ. ಮೈ ತಲೆಯ ಹಾದಿಗೆ ಬರುತ್ತಿದೆ ಅನ್ನೋದು ನೋಡುವವರಿಗೆ ಆ ಹೆಜ್ಜೆಯಲ್ಲೇ ಕಾಣುತ್ತೆ. ಹಾಗಾಗಿ ಪಾತ್ರ ಹಂಚುವಾಗ ಗೊಂಬೆಯ ಮುಖಕ್ಕಿಂತ ಕುಣಿಸುವವರ ಕೈ ನೋಡಿ. ಕೈ ನಿಧಾನ ಇರುವವರಿಗೆ ದೇವದತ್ತ, ಚುರುಕು ಇರುವವರಿಗೆ ಕಪಿಲ.

ನಾಟಕದಲ್ಲಿ ಪದ್ಮಿನಿಯ ಮಗುವಿಗೆ ತಂದ ಎರಡು ಮಾತಾಡುವ ಗೊಂಬೆಗಳಿವೆಯಲ್ಲ, ಅವಕ್ಕೆ ಗೊಂಬೆ ಮಾಡಿಸಬೇಡಿ. ಕೆನ್ನೆಗೆ ದುಂಡಗೆ ಬಣ್ಣ ಹಚ್ಚಿದ ಇಬ್ಬರು ಹುಡುಗಿಯರನ್ನೇ ಕೂರಿಸಿ. ಮನುಷ್ಯರ ಪಾತ್ರ ಗೊಂಬೆಗಳಿಗೆ, ಗೊಂಬೆಯ ಪಾತ್ರ ಮನುಷ್ಯರಿಗೆ. ನನಗಂತೂ ಈ ನಾಟಕವನ್ನು ಗೊಂಬೆಯಲ್ಲಿ ನೋಡುವ ಆಸೆ ಇರೋದೇ ಈ ದೃಶ್ಯಕ್ಕೆ.

ಹಾಡುವಾಗ ಹಾಡುವ ಗೊಂಬೆ ಮಾತ್ರ ಅಲ್ಲಾಡಲಿ, ಉಳಿದವು ಸುಮ್ಮನೆ ನಿಲ್ಲಲಿ. ಬಾಯಿ ಆಡದ ಗೊಂಬೆಯಲ್ಲಿ ಯಾರು ಹಾಡ್ತಿದ್ದಾರೆ ಅಂತ ತಿಳಿಯೋದು ಹಾಗೇ. ಘಟ್ಟ ಇಳಿದು ಕುಂದಾಪುರದ ಹತ್ತಿರ ಉಪ್ಪಿನಕುದ್ರುವಿನ ಗೊಂಬೆಯಾಟ ಒಮ್ಮೆ ಹುಡುಗರಿಗೆ ತೋರಿಸಿ, ಬರೀ ಕತ್ತು ಓರೆ ಮಾಡಿ ಎಷ್ಟು ಹೇಳಬಹುದು ಅಂತ ಗೊತ್ತಾಗುತ್ತೆ.

ನಮ್ಮ ಕಡೆ ಮಳೆ ಹಿಡಿದರೆ ಹತ್ತಿ ನೂಲಿನ ಉದ್ದ ವ್ಯತ್ಯಾಸ ಆಗುತ್ತೆ, ಒಂದು ಕಾಲು ಗಾಳಿಯಲ್ಲೇ ನಿಲ್ಲುತ್ತೆ. ಕಪ್ಪು ನೈಲಾನ್ ದಾರ ಹಾಕಿ. ಮೀನಿನ ಗಾಳದ ದಾರ ಬೇಡ, ದೀಪಕ್ಕೆ ಹೊಳೆಯುತ್ತೆ. ನಾಟಕದ ವಸ್ತು ದೊಡ್ಡವರದ್ದು, ಶಾಲೆಯ ವಾರ್ಷಿಕೋತ್ಸವಕ್ಕೆ ಬೇಡ, ತಂಡದ ಪ್ರದರ್ಶನಕ್ಕೆ ಇಟ್ಟುಕೊಳ್ಳಿ. ಹಕ್ಕುದಾರರ ಅನುಮತಿಗೆ ಈಗಲೇ ಪತ್ರ ಬರೆದುಬಿಡಿ, ಅದು ಕೈಗೆ ಬಂದ ಮೇಲೆ ತಲೆ ಕೆತ್ತಿಸಿದರೆ ಸಾಕು.